ಬಾಕೂಳ ಎಡಹೆಜ್ಜೆ

ನಮ್ಮೂರಿನಲ್ಲಿ ನೆಟ್ಟಗೆ ನಡೆಯುವವರು ಯಾರೂ ಇಲ್ಲ. ಹೊರಗಿನಿಂದ ಬಂದವರು ಮೊದಲ ದಿನ ನಮ್ಮನ್ನು ನೋಡಿ, ಊರಿಗೆ ಊರೇ ಬೆಳಗಾಗುವ ಮುಂಚೆ ಕುಡಿದು ಹೊರಟಿದೆ ಎಂದುಕೊಳ್ಳುತ್ತಾರೆ. ನೀರಿಗೆ ಹೋಗುವ ಹೆಂಗಸು ನಾಲ್ಕು ಹೆಜ್ಜೆ ಇಟ್ಟು ಎಡಕ್ಕೆ ಹೊರಳುತ್ತಾಳೆ, ಎರಡು ಹೆಜ್ಜೆ ಇಟ್ಟು ಬಲಕ್ಕೆ ಬಾಗುತ್ತಾಳೆ, ತಲೆಯ ಮೇಲಿನ ಕೊಡ ಮಾತ್ರ ಅಲುಗುವುದಿಲ್ಲ. ನಮ್ಮ ಕತ್ತೆಗಳೂ ಹಾಗೆಯೇ ನಡೆಯುತ್ತವೆ. ನಿಜ ಹೇಳಬೇಕೆಂದರೆ ನಮ್ಮಲ್ಲಿ ಕುಡಿದವರೇ ಸ್ವಲ್ಪ ನೆಟ್ಟಗೆ ನಡೆಯುವುದು. ಮಾರನೆಯ ದಿನ ಅದಕ್ಕಾಗಿ ಊರವರ ಕೈಲಿ ಉಗಿಸಿಕೊಳ್ಳುವುದೂ ಅವರೇ.

ನೆಲದ ತುಂಬ ಹೆಜ್ಜೆಗಳಿವೆ, ತುಳಿಯುವಂತಿಲ್ಲ. ಈ ಊರಿನಿಂದ ಯಾರನ್ನೆಲ್ಲ ಎಳೆದುಕೊಂಡು ಹೋದರೋ ಅವರ ಕೊನೆಯ ಹೆಜ್ಜೆ ಇಲ್ಲಿ ಉಳಿದಿದೆ. ಎಡಗಾಲಿನದೊಂದು, ಬಲಗಾಲಿನದೊಂದು. ಗಾಳಿ ಬೀಸಲಿ, ಮಳೆ ಹೊಯ್ಯಲಿ, ಅಳಿಸುವುದಿಲ್ಲ. ಹೋದದ್ದು ಮಗುವಾದರೆ ಅದು ಎಲ್ಲೋ ಬೆಳೆದಂತೆಲ್ಲ ಹೆಜ್ಜೆಯೂ ಇಲ್ಲಿ ಬೆಳೆಯುತ್ತದೆ. ಬಸುರಿಯಾದರೆ ಹೆಜ್ಜೆ ಆಳವಾಗುತ್ತದೆ. ಕಾಲಿಗೆ ಬೂಟು ತೊಡಿಸಿದರೆ ಬೆರಳುಗಳು ಒಂದಕ್ಕೊಂದು ಒತ್ತಿಕೊಂಡು ಕೂರುತ್ತವೆ. ಸತ್ತರೆ ಒಂದು ಬೆಳಗ್ಗೆ ಮರಳು ತುಂಬಿ ನೆಲ ಸಪಾಟಾಗಿರುತ್ತದೆ. ಬದುಕಿ ಬಂದು ತನ್ನ ಹೆಜ್ಜೆಯ ಮೇಲೆ ತಾನೇ ಕಾಲಿಟ್ಟರೂ ಅಷ್ಟೇ, ಹೆಜ್ಜೆ ಹೋಗುತ್ತದೆ. ಅಂಥದ್ದು ನಾನು ಕಂಡಂತೆ ಐದು ಸಲ ಆಗಿದೆ.

ಎಳೆದುಕೊಂಡು ಹೋದವರು ಬಂಡಿಯವರು. ಸಮುದ್ರ ದಾಟಿ ಬಂದ ಬಿಳಿ ಜನಕ್ಕೆ ನಮ್ಮ ಹಿರಿಯರು ಇಟ್ಟ ಹೆಸರು ಅದು, ಏಕೆಂದರೆ ಮೊದಲು ಕಂಡದ್ದು ಅವರ ಎತ್ತಿನ ಬಂಡಿಗಳು. ನಾವು ಬೇಟೆಯಾಡಿ, ಗೆಡ್ಡೆ ಅಗೆದು ತಿನ್ನುತ್ತಿದ್ದ ಜನ. ನೆಲಕ್ಕೂ ಬೇಲಿ ಹಾಕಬಹುದು ಎನ್ನುವುದು ನಮಗೆ ಹೊಳೆದೇ ಇರಲಿಲ್ಲ. ಅವರು ಮೊದಲು ಒರತೆಗೆ ಬೇಲಿ ಹಾಕಿದರು, ಆಮೇಲೆ ಹುಲ್ಲಿಗೆ. ಹುಲ್ಲು ಹೋದ ಮೇಲೆ ಜಿಂಕೆ ಹೋದವು, ಜಿಂಕೆ ಹೋದ ಮೇಲೆ ನಮ್ಮ ಗಂಡಸರು ಅವರ ದನ ಕಾಯುವುದಕ್ಕೆ ಹೋದರು. ಕೊನೆಗೆ ಮಕ್ಕಳು. ‘ಕೆಲಸ ಕಲಿಸುತ್ತೇವೆ, ಇಪ್ಪತ್ತೈದು ತುಂಬುವವರೆಗೆ ನಮ್ಮಲ್ಲಿರಲಿ’ ಎಂದು ಅವರೇ ಒಂದು ಕಾಗದ ಬರೆದು ಅವರೇ ಸಹಿ ಹಾಕಿಕೊಳ್ಳುತ್ತಿದ್ದರು. ಮಕ್ಕಳಿಗೆ ತಮ್ಮ ವಯಸ್ಸು ಗೊತ್ತಿರಲಿಲ್ಲ, ಆದ್ದರಿಂದ ಯಾರಿಗೂ ಇಪ್ಪತ್ತೈದು ತುಂಬಲೇ ಇಲ್ಲ.

ಹೆಜ್ಜೆಗಳು ಬಂಡಿಯವರಿಗೂ ಇಷ್ಟವಿರಲಿಲ್ಲ. ಉತ್ತು ನೋಡಿದರು, ಬೆಳಗಾಗುವುದರೊಳಗೆ ಹೆಜ್ಜೆ ಹಾಗೆಯೇ ಇತ್ತು. ಸಿಮೆಂಟು ಬಳಿದರೆ ಹೆಜ್ಜೆ ಇದ್ದಲ್ಲಿ ಅದು ಕುಸಿಯುತ್ತಿತ್ತು. ಸೋತು ಅವರೂ ಸುತ್ತು ಹಾಕಿ ನಡೆಯುವುದನ್ನು ಕಲಿತರು. ಇಗರ್ಜಿಯ ಮೆಟ್ಟಿಲಿನಲ್ಲಿ ಎರಡು ಹೆಜ್ಜೆಗೆಂದು ಒಂದು ಮೂಲೆ ಬಿಟ್ಟು ಕಟ್ಟಿದ್ದಾರೆ, ಮದುವೆಯ ದಿನ ಹೆಣ್ಣಿನ ಉದ್ದ ಲಂಗ ಅಲ್ಲಿ ಸಿಕ್ಕಿಕೊಳ್ಳುವುದು ಮಾಮೂಲು.

ನಾನು ಖ್ವಾನಾ, ಈ ಊರಿನಲ್ಲಿ ಹೆಜ್ಜೆ ನೋಡುವವಳು. ನನ್ನ ದೊಡ್ಡಪ್ಪ ದೇಬೆ ಮೃಗಗಳ ಹೆಜ್ಜೆ ನೋಡಿ ಅದು ನಿನ್ನೆ ಏನು ತಿಂದಿತ್ತು ಎಂದು ಹೇಳುತ್ತಿದ್ದವನು, ಅವನಿಂದ ಕಲಿತೆ. ಯಾರದಾದರೂ ಹೆಜ್ಜೆ ಸ್ವಲ್ಪ ಬದಲಾದರೆ ಮನೆಯವರು ಓಡಿ ಬಂದು, "ಖ್ವಾನಾ, ನೋಡಿ ಹೇಳವ್ವ" ಅನ್ನುತ್ತಾರೆ. ನಾನು ಮಂಡಿಯೂರಿ ನೋಡುತ್ತೇನೆ. ಕಾಲು ನೋವಿದೆ, ಭಾರ ಹೊರುತ್ತಿದ್ದಾನೆ, ದಪ್ಪಗಾಗಿದ್ದಾನೆ, ಪರವಾಗಿಲ್ಲ, ಹೊಟ್ಟೆಗೆ ಸಿಗುತ್ತಿದೆ ಎಂದು ಹೇಳುತ್ತೇನೆ. ಒಂಬತ್ತು ಮನೆಯವರಿಗೆ ‘ಹೋದರು’ ಎಂದೂ ಹೇಳಿದ್ದೇನೆ. ನನ್ನ ಮಾತಿಗೆ ಯಾರೂ ಎದುರಾಡಿದ್ದಿಲ್ಲ, ಅದರ ಜಂಬವೂ ನನಗೆ ಸಾಕಷ್ಟಿತ್ತು.

ನಮ್ಮ ಮನೆಯ ಅಂಗಳದಲ್ಲಿಯೂ ಒಂದು ಹೆಜ್ಜೆ ಇತ್ತು. ನನ್ನ ಅಕ್ಕ ಬಾಕೂಳದು. ಅವಳನ್ನು ಒಯ್ದಾಗ ನನಗೆ ನಾಲ್ಕು ವರ್ಷ, ಅವಳಿಗೆ ಏಳು. ಗಂಡಸರು ದನ ಕಾಯುವುದಕ್ಕೆ ಹೋಗಿದ್ದರು. ಅವ್ವ ಕಾಡು ಕಲ್ಲಂಗಡಿಯ ಬೀಜ ಕುಟ್ಟಿ ಗಂಜಿ ಕಾಯಿಸಿ, ನನ್ನ ಬಟ್ಟಲಿಗೂ ಅಕ್ಕನ ಬಟ್ಟಲಿಗೂ ಬಡಿಸಿ, "ಬಾಕೂ, ಬಾ ಉಣ್ಣು" ಎಂದು ಕೂಗಿದಳು. ಅಕ್ಕ ಅಂಗಳದಲ್ಲಿ ಬಲಗಾಲಿನ ಮೇಲೆ ಕುಂಟುವ ಆಟ ಆಡುತ್ತಿದ್ದಳು. "ಇನ್ನೊಂದು ಸುತ್ತು ಅವ್ವ, ಕುಂಟ್ಕೊಂಡೇ ಬತ್ತೀನಿ" ಎಂದಳು. ಆ ಸುತ್ತು ಮುಗಿಯಲಿಲ್ಲ. ಕುದುರೆಯ ಮೇಲೆ ಬಂದವನೊಬ್ಬ ಬಗ್ಗಿ ಅವಳನ್ನು ಎತ್ತಿಕೊಂಡು ಒರತೆಯ ಕಡೆ ಹೊರಟುಹೋದ. ಹಿಂದೆ ಓಡಿದ ಅವ್ವನಿಗೆ ಅವನ ಜೊತೆಯವರು ಬಂದೂಕಿನ ಹಿಡಿಯಿಂದ ಸೊಂಟಕ್ಕೆ ಹೊಡೆದರು, ಆವತ್ತಿನಿಂದ ಅವಳು ಒಂದು ಕಡೆಗೆ ವಾಲಿಯೇ ನಡೆಯುವುದು. ಒರತೆಯ ಬಳಿ ಬಂಡಿಗಳು ಬೀಡುಬಿಟ್ಟಿದ್ದವು. ಎರಡು ವರ್ಷ ನಮ್ಮವರನ್ನು ಯಾರನ್ನೂ ಅತ್ತ ಸುಳಿಯಗೊಡಲಿಲ್ಲ.

ಬೇರೆಯವರದೆಲ್ಲ ಎರಡೆರಡು ಹೆಜ್ಜೆ, ಅಕ್ಕನದು ಮಾತ್ರ ಒಂದೇ, ಬಲಗಾಲಿನದು. ನಾನು ದೇಬೆ ದೊಡ್ಡಪ್ಪನನ್ನು ಕೇಳಿದ್ದೆ. "ಕುಂಟ್ತಿದ್ಲಲ್ಲ ಮಗಾ, ಎಡಗಾಲು ಗಾಳೀಲಿತ್ತು. ಗಾಳೀಲಿ ಹೆಜ್ಜೆ ಹೆಂಗ್ ಉಳೀತದೆ?" ಎಂದ. ಊರಿಗೆಲ್ಲ ಅದು ಸರಿ ಎನಿಸಿತು, ನನಗೂ.

ಆ ಒಂದು ಹೆಜ್ಜೆಯ ಜೊತೆಯಲ್ಲಿಯೇ ನಾನು ಬೆಳೆದೆ. ಅದು ನನ್ನ ಕಾಲಿಗಿಂತ ಯಾವಾಗಲೂ ಸ್ವಲ್ಪ ದೊಡ್ಡದು. ಎರಡು ಸಲ ಆಳವಾಯಿತು, ಎರಡು ಸಲವೂ ಅವ್ವ ಊರಿಗೆಲ್ಲ ಜೇನು ಹಂಚಿದಳು. ಅಂಗಳದ ಆ ಭಾಗಕ್ಕೆ ಪೊರಕೆ ಮುಟ್ಟಿಸುತ್ತಿರಲಿಲ್ಲ, ಬಿದ್ದ ಎಲೆಗಳನ್ನು ಅವ್ವ ಕೈಯಿಂದಲೇ ಒಂದೊಂದಾಗಿ ಎತ್ತುತ್ತಿದ್ದಳು. ಅಕ್ಕನ ಆಮೆಚಿಪ್ಪಿನ ಬಟ್ಟಲು ಒಲೆಯ ಪಕ್ಕದಲ್ಲಿ ಬಾಯಿ ಮೇಲಾಗಿ ಇರುತ್ತಿತ್ತು. ಹೋದವರಿರುವ ಎಲ್ಲ ಮನೆಗಳಲ್ಲೂ ಹೀಗೊಂದು ಬಟ್ಟಲು ಇರುತ್ತದೆ. ಎದ್ದ ಕೂಡಲೇ ಅವ್ವ, "ಹೆಂಗವ್ಳೆ?" ಎಂದು ಕೇಳುತ್ತಿದ್ದಳು. ನಾನು ಹೊರಗೆ ಹೋಗಿ ನೋಡಿ ಬಂದು, "ಚೆನ್ನಾಗವ್ಳೆ ಅವ್ವ" ಎಂದ ಮೇಲೆಯೇ ಒಲೆ ಹೊತ್ತಿಸುತ್ತಿದ್ದಳು.

ನಡುವೆ ಒಮ್ಮೆ ಒಬ್ಬ ಹೆಂಗಸು ಬಂದು ನಾನೇ ಬಾಕೂ ಅಂದಳು. ಅವ್ವ ತಬ್ಬಿಕೊಂಡು ಅತ್ತು, ತಲೆ ಬಾಚಿ, ಉಣ್ಣಿಸಿ, ಆಮೇಲೆ ಅಂಗಳಕ್ಕೆ ಕರೆತಂದಳು. ಹೆಜ್ಜೆಯ ಮೇಲೆ ಇಡಿಸಿದರೆ ಅವಳ ಕಾಲು ಎರಡು ಬೆರಳಗಲ ಗಿಡ್ಡವಾಯಿತು. ಪಾಪ, ಅವಳು ಮೋಸಗಾತಿಯಲ್ಲ. ಎಲ್ಲಿಂದಲೋ ಎಳೆದೊಯ್ದ ಮಗು, ತನ್ನ ಊರು ಇದೇ ಇರಬಹುದು ಎಂದು ಆಸೆ ಪಟ್ಟಿದ್ದಳು. ಅವ್ವ ಎರಡು ತಿಂಗಳು ಹಾಸಿಗೆ ಹಿಡಿದಳು. ಎದ್ದ ಮೇಲೆ, "ಇನ್ಮೇಲೆ ಹೆಜ್ಜೆ ಮೊದ್ಲು, ಮುಖ ಆಮೇಲೆ" ಅಂದಳು.

ಹನ್ನೊಂದು ವರ್ಷದ ಹಿಂದೆ ಒಂದು ಬೆಳಗ್ಗೆ ಅಕ್ಕನ ಹೆಜ್ಜೆಯಲ್ಲಿ ಮರಳು ತುಂಬಿತ್ತು. ಅವ್ವ ಎಂದಿನಂತೆ, "ಹೆಂಗವ್ಳೆ?" ಎಂದಳು. "ಹೋದ್ಲು ಅವ್ವ" ಅಂದೆ. ಅವ್ವ, "ನೀನ್ ಹೇಳಿದ್ಮೇಲೆ ಮುಗೀತು ಬುಡು" ಅಂದಳು. ತಲೆಗೆ ಬೂದಿ ಹಾಕಿಕೊಂಡೆವು. ಆಮೆಚಿಪ್ಪಿನ ಬಟ್ಟಲನ್ನು ಕವುಚಿ ಇಟ್ಟೆವು. ಬದುಕಿರುವವರ ಹೆಸರು ಮಗುವಿಗೆ ಇಡುವ ಪದ್ಧತಿ ನಮ್ಮಲ್ಲಿಲ್ಲ, ಸತ್ತ ಮೇಲೆ ಇಡುತ್ತೇವೆ. ಮುಂದಿನ ತಿಂಗಳು ಹುಟ್ಟಿದ ನನ್ನ ಮೊಮ್ಮಗಳಿಗೆ ಬಾಕೂ ಎಂದು ಹೆಸರಿಟ್ಟೆವು. ಎಲ್ಲವೂ ಕ್ರಮವಾಗಿಯೇ ಆಯಿತು. ಅವ್ವ ಮಾತ್ರ ಹೆಜ್ಜೆ ಹೋದ ಮೇಲೂ ಅಂಗಳದಲ್ಲಿ ಅದೇ ಸುತ್ತು ಹಾಕಿ ನಡೆಯುತ್ತಿದ್ದಳು. "ಅಲ್ಲೇನೂ ಇಲ್ಲ ಅವ್ವ" ಎಂದರೆ, "ನಂಗೊತ್ತು ಕಣೇ, ಕಾಲಿಗೆ ಗೊತ್ತಿಲ್ಲ" ಎನ್ನುತ್ತಿದ್ದಳು.

ಈಗ ಹೇಳಬೇಕಾದದ್ದಕ್ಕೆ ಬರುತ್ತೇನೆ. ಕಳೆದ ಚಳಿಗಾಲ, ಅಂಗಡಿಯ ಹನ್ನೆಸ್‌ಗೆ ಉಪ್ಪು, ಹಿಟ್ಟು ತರುವ ಲಾರಿಯಿಂದ ಒಬ್ಬ ಮುದುಕಿ ಇಳಿದಳು. ಹನ್ನೆಸ್ ಬಂಡಿಯವರ ಪೈಕಿ, ಅವನ ಅಜ್ಜನೇ ಒರತೆಯ ಬಳಿ ಮೊದಲು ಮನೆ ಕಟ್ಟಿದವನು. ಮುದುಕಿಯ ಹತ್ತಿರ ಒಂದು ಕಂಬಳಿ, ಎರಡು ಪಾತ್ರೆ, ಕಂಕುಳಲ್ಲಿ ಊರುಗೋಲು. ಬಲಗಾಲು ಮಂಡಿಯ ಕೆಳಗೆ ಇರಲಿಲ್ಲ. ಹೆಸರು ಕೇಳಿದರೆ, "ಅವರು ಮಾರ್ತಾ ಅಂತಿದ್ರು, ಅದಕ್ಕೂ ಮುಂಚೆ ಬಾಕೂ" ಎಂದಳಂತೆ.

ಹೆಜ್ಜೆ ಇಲ್ಲದವರು ಊರ ಬಾಗಿಲಿನ ಜಾಲಿಮರದ ಕೆಳಗೆ, ಅತಿಥಿ ಚಾಪೆಯ ಮೇಲೆ ಇರಬೇಕು. ಅನ್ನ ನೀರಿಗೆ ಕೊರತೆ ಮಾಡುವುದಿಲ್ಲ, ಆದರೆ ಮೂರನೆಯ ದಿನ ಹೊರಡಬೇಕು. ಬಂಡಿಯವರು ಬೇಹುಗಾರರನ್ನು ಕಳಿಸುತ್ತಿದ್ದ ಕಾಲದಲ್ಲಿ ಮಾಡಿದ ಕಟ್ಟಳೆ. ಮಾಡಿದವರು ಸತ್ತರು, ಕಟ್ಟಳೆ ಉಳಿಯಿತು. ಲಾರಿ ಮೂರನೆಯ ದಿನ ಮಧ್ಯಾಹ್ನ ವಾಪಸು ಹೋಗುವುದಿತ್ತು.

ನನ್ನನ್ನು ಕರೆಸಿದರು. ಸತ್ತವಳ ಹೆಸರು ಹೇಳಿಕೊಂಡು ಬಂದಿದ್ದಾಳಲ್ಲ ಎಂದು ನನಗೆ ಕೋಪವೇ ಬಂದಿತ್ತು. ಮುಖ ನೋಡಲಿಲ್ಲ, ಅಭ್ಯಾಸಬಲದಿಂದ ನೆಲ ನೋಡಿದೆ. ಲಾರಿಯಿಂದ ಚಾಪೆಯವರೆಗೆ ಊರುಗೋಲಿನ ತೂತು, ಎಡಗಾಲಿನ ಹೆಜ್ಜೆ, ಊರುಗೋಲಿನ ತೂತು, ಎಡಗಾಲಿನ ಹೆಜ್ಜೆ. ಹೆಬ್ಬೆರಳಿಗಿಂತ ಪಕ್ಕದ ಬೆರಳು ಉದ್ದ. ಭಾರವೆಲ್ಲ ಪಾದದ ಹೊರ ಅಂಚಿನ ಮೇಲೆ. ಅವ್ವನದು ಹಾಗೆಯೇ, ನನ್ನದೂ ಹಾಗೆಯೇ.

"ಕಾಲು ಯಾವಾಗ ಹೋಯ್ತು?" ಎಂದು ಕೇಳಿದೆ.

"ಸಕ್ಕರೆ ಕಾಯಿಲೆ. ಆಸ್ಪತ್ರೇಲಿ ತೆಗೆದ್ರು. ಹನ್ನೊಂದು ವರ್ಷ ಆಯ್ತು."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ‘ಹೋದ್ಲು’ ಎಂದು ನಾನು ಆಡಿದ ಮಾತು ಹನ್ನೊಂದು ವರ್ಷ ನನ್ನ ಮನೆಯಲ್ಲಿ ಬಟ್ಟಲಾಗಿ ಕವುಚಿ ಬಿದ್ದಿತ್ತು. ಸತ್ತದ್ದು ಅಕ್ಕ ಅಲ್ಲ, ಅಕ್ಕನ ಬಲಗಾಲು. ಬೇರೆ ಯಾರದೇ ಆಗಿದ್ದರೂ ಒಂದು ಹೆಜ್ಜೆ ತುಂಬಿ ಇನ್ನೊಂದು ಉಳಿದಿರುತ್ತಿತ್ತು, ಕಾಲಿಗೆ ಏನೋ ಆಗಿದೆ ಎಂದು ಮಗು ಕೂಡ ಹೇಳುತ್ತಿತ್ತು. ನಮ್ಮದು ಒಂದೇ ಹೆಜ್ಜೆ ಎಂದು ನಂಬಿದ್ದೇ ಕೇಡಾಯಿತು.

ಆ ದಿನ ನಾನು ಯಾರಿಗೂ ಬಾಯಿ ಬಿಡಲಿಲ್ಲ. ಇದನ್ನು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ. ಎದುರಿಗೆ ಒಡಹುಟ್ಟಿದವಳು ಕೂತಿದ್ದಾಳೆ, ನಾನು ಯೋಚಿಸುತ್ತಿದ್ದದ್ದು ನನ್ನ ಮರ್ಯಾದೆಯನ್ನು. ಅವಳಿಗೆ ಗಂಜಿ ಕೊಟ್ಟು, ಮಾತಾಡಿಸಿದೆ. ಐವತ್ತು ವರ್ಷ ಒಂದೇ ಮನೆಯ ಅಡುಗೆಕೋಣೆಯಲ್ಲಿ ದುಡಿದಿದ್ದಳು. ಎರಡು ಮಕ್ಕಳು ಹುಟ್ಟಿ, ಮಗಳು ಚಿಕ್ಕಂದಿನಲ್ಲಿಯೇ ಹೋದಳು, ಮಗ ಗಣಿಯಲ್ಲಿ ಹೋದ. ಎರಡು ಸಲ ಆಳವಾದ ಆ ಹೆಜ್ಜೆ ನನ್ನ ಕಣ್ಣಿಗೆ ಕಟ್ಟಿತು. ಆ ಮನೆಯವರು ಮನೆ ಮಾರಿಕೊಂಡು ಹೋಗುವಾಗ ಅವಳ ಕೈಗೆ ಈ ಕಂಬಳಿ, ಪಾತ್ರೆ ಕೊಟ್ಟಿದ್ದರು. ಹೋಗುವುದಕ್ಕೆ ಬೇರೆ ಜಾಗವಿರಲಿಲ್ಲ.

"ಊರು ಹೆಂಗ್ ಸಿಕ್ತು?" ಎಂದೆ.

"ಹೆಸರು ಗೊತ್ತಿರಲಿಲ್ಲ. ಸಿಕ್ಕಿದ ಲಾರಿ ಡ್ರೈವರ್‌ನೆಲ್ಲ ಕೇಳ್ತಿದ್ದೆ. ಜನ ಸೊಟ್ಟ ಸೊಟ್ಟ ನಡೀತಾರಲ್ಲ, ಆ ಊರು ಎಲ್ಲಿ ಬರುತ್ತೆ ಅಂತ. ಎಲ್ಲಾ ನಕ್ಕರು. ಈ ಲಾರಿಯವನೊಬ್ಬ ನಗಲಿಲ್ಲ, ಹತ್ತು ಅಂದ."

ಮಾರನೆಯ ದಿನ ತಡೆಯಲಾಗಲಿಲ್ಲ. ಅವ್ವನ ಮುಂದೆ ಹೋಗಿ ಕುಕ್ಕರಿಸಿದೆ. ಅವಳಿಗೆ ಎಂಬತ್ತೆಂಟು, ಕಣ್ಣಿಗೆ ಪೊರೆ ಬಂದು ಬೆಳಕು ಕತ್ತಲೆ ಅಷ್ಟೇ ತಿಳಿಯುತ್ತದೆ. "ಅವ್ವ, ನಾನು ತಪ್ಪಾಗಿ ನೋಡ್ದೆ" ಎಂದು ಎಲ್ಲವನ್ನೂ ಹೇಳಿದೆ. ಬೈಯುತ್ತಾಳೆ ಎಂದುಕೊಂಡಿದ್ದೆ, ಬೈದಿದ್ದರೆ ವಾಸಿಯಿತ್ತು. ಅವ್ವ ತನ್ನ ಎರಡೂ ಕೈಯನ್ನು ಮಡಿಲಲ್ಲಿ ಬಿಗಿಹಿಡಿದುಕೊಂಡಳು.

"ಎಡದ ಹೆಜ್ಜೆ ತೋರ್ಸು" ಎಂದಳು.

"ಅದು ಇಲ್ವಲ್ಲ ಅವ್ವ, ಕುಂಟ್ತಿದ್ಲು—"

"ಕುಂಟೋಕ್ ಮುಂಚೆ ಹಾರ್ಕಂಡ್ ಬಂದಿದ್ಲೇನೇ ಅಂಗಳಕ್ಕೆ? ನಡ್ಕಂಡ್ ತಾನೆ ಬಂದಿದ್ದು? ಎಡಗಾಲಿಗೂ ಕೊನೇ ಹೆಜ್ಜೆ ಅಂತ ಒಂದು ಇರ್ಬೇಕಲ್ಲ, ಅದೆಲ್ಲಿ?"

ಅರವತ್ತೆರಡು ವರ್ಷದಲ್ಲಿ ಇದನ್ನು ದೇಬೆ ದೊಡ್ಡಪ್ಪ ಕೇಳಲಿಲ್ಲ, ಹೆಜ್ಜೆ ನೋಡುವವಳೆಂದು ಮೆರೆದ ನಾನೂ ಕೇಳಲಿಲ್ಲ. ಎಡಹೆಜ್ಜೆ ಅಂಗಳದಲ್ಲಿ ಇಲ್ಲ ಎಂದರೆ ಆಮೇಲೆ ಬೇರೆಲ್ಲೋ ನೆಲ ಮುಟ್ಟಿರಬೇಕು, ಅಷ್ಟೇ. ಅವ್ವ ಮತ್ತೆ ಹೇಳಿದಳು, "ಇನ್ನೊಂದ್ ಸಲ ತಬ್ಕಂಡು ಕಳ್ಕೊಳಕೆ ನಂಗೆ ತ್ರಾಣ ಇಲ್ಲ ಕಣ್ ಮಗಾ. ಹೆಜ್ಜೆ ತೋರ್ಸು, ಆಮೇಲೆ ಮುಖ."

ಮೊಮ್ಮಗಳು ಬಾಕೂ ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ನನ್ನ ಹಿಂದೆಯೇ ಬಂದು, "ಅಜ್ಜಿ, ಅವ್ರು ನಿಜವಾದ ಬಾಕೂ ಆದ್ರೆ ನನ್ ಹೆಸ್ರು ವಾಪಸ್ ಕೊಡ್ಬೇಕಾ?" ಎಂದು ಕೇಳಿದಳು. ಬದುಕಿರುವವಳ ಹೆಸರನ್ನು ಮಗುವಿಗೆ ಇಟ್ಟ ತಪ್ಪು ಈ ಊರಿನಲ್ಲಿ ಹಿಂದೆ ಯಾರೂ ಮಾಡಿರಲಿಲ್ಲ.

ಜಾಲಿಮರಕ್ಕೆ ಓಡಿದೆ. ಅರವತ್ತು ದಾಟಿದ ಮೇಲೆ ಓಡಿದ್ದು ಅದೇ ಮೊದಲು. "ಅವತ್ತು ನಿನ್ನ ಎಡಗಾಲು ನೆಲಕ್ಕೆ ಎಲ್ಲಿ ತಾಗ್ತು, ನೆನಪು ಮಾಡ್ಕೋ" ಎಂದೆ. ಅವಳು ಕಣ್ಣು ಮುಚ್ಚಿಕೊಂಡಳು.

"ಕುದುರೆಯಿಂದ ಇಳಿಸಿದ. ಒಂದು ಕಂಕುಳಲ್ಲಿ ನನ್ನ ಇರುಕಿಕೊಂಡು, ಇನ್ನೊಂದು ಕೈಲಿ ಬಂಡಿ ಹಗ್ಗ ಬಿಚ್ಚುತ್ತಿದ್ದ. ಬಲಗಾಲು ಅವನ ಕಂಕುಳಲ್ಲೇ ಸಿಕ್ಕಿತ್ತು. ಜಗ್ಗಾಡಿ ಎಡಗಾಲು ನೆಲಕ್ಕೆ ಊರಿ ಅವನ ಕೈ ಕಚ್ಚಿದೆ. ಚೆನ್ನಾಗಿ ಕಚ್ಚಿದೆ. ರಕ್ತ ಉಪ್ಪುಪ್ಪಾಗಿತ್ತು. ಕಿರುಚಿಕೊಂಡು ಎತ್ತಿ ಬಂಡಿಗೆ ಎಸೆದ. ಮೇಲೆ ಒಂದು ದೊಡ್ಡ ಮರ ಇತ್ತು, ಮರದ ತುಂಬಾ ಒಂದೇ ಗೂಡು, ಹುಲ್ಲಿನ ಬಣವೆ ಥರ. ಸಾವಿರ ಹಕ್ಕಿ ಕೂಗ್ತಿದ್ವು."

ಆ ಮರ ನಮ್ಮೂರಿನಲ್ಲಿ ಒಂದೇ ಇರುವುದು, ಒರತೆಯ ಪಕ್ಕದಲ್ಲಿ. ಗೀಜಗದಂಥ ಹಕ್ಕಿಗಳು ತಲೆತಲಾಂತರದಿಂದ ಕಟ್ಟುತ್ತ ಬಂದ ಗೂಡು, ಈಗಲೂ ಇದೆ. ಅದರ ಬುಡಕ್ಕೆ ಸೇರಿಸಿಯೇ ಹನ್ನೆಸ್‌ನ ಅಂಗಡಿಯ ಜಗಲಿ ಇರುವುದು. ಆ ಸಿಮೆಂಟು ಜಗಲಿಯಲ್ಲಿ ಒಂದು ಕಡೆ ಯಾವಾಗಲೂ ಕುಸಿಯುತ್ತದೆ. ಹನ್ನೆಸ್ ಅಲ್ಲೊಂದು ಉಪ್ಪಿನ ಮೂಟೆ ಇಟ್ಟು ಮುಚ್ಚಿದ್ದಾನೆ, ಮೂಟೆ ಸದಾ ವಾಲಿಕೊಂಡಿರುತ್ತದೆ. ನಾನು ಅದರ ಪಕ್ಕದಲ್ಲಿ ನಿಂತು ನಲವತ್ತು ವರ್ಷ ಉಪ್ಪು ಕೊಂಡಿದ್ದೇನೆ. ಗೆದ್ದಲು ಅಂದಿದ್ದರು, ಗೆದ್ದಲು ಎಂದುಕೊಂಡಿದ್ದೆ. ಊರಿನವರ ಹೆಜ್ಜೆಯನ್ನೆಲ್ಲ ಹುಡುಕಿಕೊಟ್ಟವಳಿಗೆ ಮನೆಯ ಹೆಜ್ಜೆ ಕಾಲ ಬುಡದಲ್ಲಿದ್ದರೂ ಕಾಣಲಿಲ್ಲ.

ಮೂರನೆಯ ದಿನ ಬೆಳಗ್ಗೆ ಅಕ್ಕನನ್ನು ಕರೆದುಕೊಂಡು ಅಂಗಡಿಗೆ ಹೋದೆ. ಲಾರಿ ಆಗಲೇ ಬಂದು ನಿಂತಿತ್ತು. ಹನ್ನೆಸ್ ಕೆಟ್ಟವನಲ್ಲ, ಆದರೆ ಜಗಲಿ ಒಡೆಯಬೇಕು ಎಂದ ಕೂಡಲೇ ಮುಖ ಗಂಟುಹಾಕಿದ.

"ಖ್ವಾನಾ ಅಜ್ಜಿ, ತಮಾಷೆ ಮಾಡ್ತೀರಾ? ಏಳು ಸಲ ತೇಪೆ ಹಾಕ್ಸಿದೀನಿ ಅದಕ್ಕೆ. ಅಜ್ಜನ ಕಾಲದಿಂದ ಒಂದೇ ಗೋಳು, ಈಗ ಹತ್ತು ಹನ್ನೊಂದು ವರ್ಷದಿಂದಂತೂ ಮೊದಲಿಗಿಂತ ದುಪ್ಪಟ್ಟು ಕುಸೀತಿದೆ."

"ಹನ್ನೊಂದು ವರ್ಷದಿಂದ ಅವಳ ಮೈಭಾರ ಪೂರ್ತಿ ಒಂದೇ ಕಾಲಿನ ಮೇಲಿದೆಯಪ್ಪ" ಎಂದೆ.

ಅವನು ಊರುಗೋಲನ್ನು ನೋಡಿದ, ಮೂಟೆಯನ್ನು ನೋಡಿದ. ಅಕ್ಕ ಮರದ ಗೂಡನ್ನೇ ನೋಡುತ್ತ ನಿಂತಿದ್ದಳು. ಮೆಲ್ಲಗೆ, "ನನ್ನ ಹಿಡಿದವನ ಬಲಗೈ ಇರಬೇಕು. ಹೆಬ್ಬೆರಳಿನ ಕೆಳಗೆ ಕಚ್ಚಿದ್ದೆ. ಮುಂದಿನ ಒಂದು ಹಲ್ಲು ಆಗ ಬಿದ್ದಿತ್ತು ನಂಗೆ" ಎಂದಳು.

ಹನ್ನೆಸ್ ತನ್ನದೇ ಬಲಗೈಯ ಹೆಬ್ಬೆರಳಿನ ಬುಡವನ್ನು ಉಜ್ಜಿಕೊಂಡ. "ಅಜ್ಜನ ಕೈಲಿತ್ತು. ಅರ್ಧ ಚಂದ್ರನ ಥರ, ಮಧ್ಯ ಒಂದು ಸಂದು. ಚಿಕ್ಕವನಿದ್ದಾಗ ಅದರ ಮೇಲೆ ಬೆರಳಾಡಿಸ್ತಾ ಕೂರ್ತಿದ್ದೆ. ನರಿ ಕಚ್ಚಿದ್ದು ಅಂತಿದ್ರು" ಎಂದ. ಒಳಗೆ ಹೋಗಿ ಗುದ್ದಲಿ ತಂದ. ಮೂಟೆಯನ್ನು ತಾನೇ ಸರಿಸಿದ. ನಾನು ನನ್ನ ಮಗಳನ್ನು ಅವ್ವನನ್ನು ಕರೆತರಲು ಕಳಿಸಿದೆ.

ತೇಪೆಯ ಮೇಲೆ ತೇಪೆ, ಏಳು ಪದರ. ಹನ್ನೆಸ್ ಬೆವರಿಳಿಸಿಕೊಂಡು ಅಗೆದ. ಊರಿನವರೆಲ್ಲ ಸುದ್ದಿ ತಿಳಿದು ಬಂದು ಸುತ್ತ ನಿಂತರು. ಕೊನೆಯ ಚೂರು ಎತ್ತಿದಾಗ ಕೆಳಗೆ ಕೆಂಪು ಮಣ್ಣು, ಮಣ್ಣಿನಲ್ಲಿ ಹೆಜ್ಜೆ. ನಾನು ಮಂಡಿಯೂರಿದೆ. ಎಡಗಾಲು. ದೊಡ್ಡ ಹೆಂಗಸಿನದು. ಹೆಬ್ಬೆರಳಿಗಿಂತ ಪಕ್ಕದ ಬೆರಳು ಉದ್ದ, ಹೊರ ಅಂಚು ಒಳಗಿಳಿದಿದೆ. ನನ್ನ ಅಂಗೈ ಪೂರ್ತಿ ಮುಳುಗುವಷ್ಟು ಆಳ. ಅಷ್ಟು ಆಳದ ಹೆಜ್ಜೆಯನ್ನು ನಾನು ಇದುವರೆಗೆ ನೋಡಿಲ್ಲ. ಓದಬೇಕಾದ್ದು ಏನೂ ಉಳಿದಿರಲಿಲ್ಲ, ಎಲ್ಲವೂ ಅಲ್ಲಿಯೇ ಇತ್ತು. ತಪ್ಪು ಮಾಡಿದ್ದೆ ಎಂದು ಇಷ್ಟು ಸಂತೋಷಪಟ್ಟದ್ದು ನನ್ನ ಜನ್ಮದಲ್ಲಿಯೇ ಇಲ್ಲ.

ಅವ್ವ ಬಂದಳು, ನನ್ನ ಮಗಳ ಭುಜ ಹಿಡಿದುಕೊಂಡು, ವಾಲುತ್ತ. ಯಾರನ್ನೂ ಮಾತಾಡಿಸದೆ ನೆಲಕ್ಕೆ ಕೂತು ಹೆಜ್ಜೆಯೊಳಗೆ ಕೈಯಿಟ್ಟಳು. ಹಿಮ್ಮಡಿ, ನಡುಪಾದ, ಅಂಚು, ಒಂದೊಂದು ಬೆರಳು. ಉದ್ದದ ಬೆರಳಿಗೆ ಬಂದಾಗ ಕೈ ನಿಂತಿತು. ಆಮೇಲೆ ಕೈ ಹೊರಗೆ ತೆಗೆದು, "ಇಡ್ಸಿ" ಎಂದಳು.

ಅಕ್ಕನ ಒಂದು ಕಡೆ ನಾನು ನಿಂತೆ, ಇನ್ನೊಂದು ಕಡೆ ಹನ್ನೆಸ್. ಊರುಗೋಲನ್ನು ಯಾರೋ ಹಿಡಿದುಕೊಂಡರು. ಅಕ್ಕ ಕಾಲನ್ನು ಇಳಿಸಿದಳು. ಅವರೆಕಾಯಿಯ ಸಿಪ್ಪೆಯಲ್ಲಿ ಕಾಳು ಕೂರುವ ಹಾಗೆ ಕೂತಿತು, ಒಂದು ಎಳೆಯಷ್ಟೂ ಸಂದಿಲ್ಲ. ಎತ್ತಿದಾಗ ಅಲ್ಲಿ ಬರೀ ಮಣ್ಣಿತ್ತು, ಸಪಾಟಾಗಿ. ಒಂದು ಇರುವೆ ಅದರ ಮೇಲೆ ನೆಟ್ಟಗೆ ಹರಿದು ಹೋಯಿತು.

ಜನ ಹೋ ಎಂದು ಕೂಗಿದರು. ಮರದ ಹಕ್ಕಿಗಳೆಲ್ಲ ಎದ್ದವು. ಲಾರಿಯವನು ಯಾರೂ ಹೇಳದೆಯೇ ಅಕ್ಕನ ಕಂಬಳಿ, ಪಾತ್ರೆಗಳನ್ನು ತಂದು ನನ್ನ ಕೈಗೆ ಕೊಟ್ಟ. ಹನ್ನೆಸ್ ಜಗಲಿಯ ಅಂಚಿನ ಮೇಲೆ ಕೂತು ಮುಖ ಒರೆಸಿಕೊಂಡ. "ಸದ್ಯ" ಎಂದ, ಯಾರಿಗೆ ಹೇಳಿದನೋ. ಅಜ್ಜನ ಪರವಾಗಿ ಕ್ಷಮೆ ಕೇಳುವುದಕ್ಕೆ ಮಾತು ಹುಡುಕುತ್ತಿದ್ದನೆಂದು ಕಾಣುತ್ತದೆ, ಸಿಗಲಿಲ್ಲ. ಅಕ್ಕ ಅವನ ಬಲಗೈಯನ್ನು ಒಮ್ಮೆ ನೋಡಿ, "ಆ ಜಾಗ ಹಾಗೇ ಬಿಡು, ಸಿಮೆಂಟು ಹಾಕ್ಬೇಡ" ಎಂದಷ್ಟೇ ಹೇಳಿದಳು. ಅವನು ತಲೆಯಾಡಿಸಿದ.

ನಾನು ಅವ್ವನ ಕಡೆ ತಿರುಗಿದರೆ ಅವಳು ಅಲ್ಲಿರಲಿಲ್ಲ. ಮುಖ ಮುಟ್ಟುತ್ತಾಳೆ, ತಬ್ಬಿಕೊಳ್ಳುತ್ತಾಳೆ ಎಂದು ಎಲ್ಲರೂ ಕಾಯುತ್ತಿರುವಾಗ ಅವಳು ನನ್ನ ಮಗಳ ಭುಜ ಹಿಡಿದು ಮನೆಯ ದಾರಿ ಹಿಡಿದಿದ್ದಳು. ಅಕ್ಕನ ಮುಖ ಬಾಡಿತು. "ಬಾ, ಅವ್ವನ ರೀತಿ ನಂಗೊತ್ತು" ಎಂದೆ. ನಿಜವಾಗಿ ನನಗೂ ಗೊತ್ತಿರಲಿಲ್ಲ.

ನಾವು ಮನೆ ತಲುಪಿದಾಗ ಅಂಗಳದ ತುದಿಯಲ್ಲಿ ಮೊಮ್ಮಗಳು ಬಾಕೂ ಅಡ್ಡ ನಿಂತಿದ್ದಳು, ಎರಡೂ ಕೈ ಹಿಂದೆ ಕಟ್ಟಿಕೊಂಡು. "ನಾನೂ ಬಾಕೂ" ಎಂದಳು, ಜಗಳಕ್ಕೆ ಬಂದವಳಂತೆ. ಅಕ್ಕ ಅವಳನ್ನು ಮೇಲಿನಿಂದ ಕೆಳಗೆ ನೋಡಿದಳು. "ಒಳ್ಳೇದಾಯ್ತು ತಾಯಿ. ನಾನು ಇಲ್ಲದಾಗ ನೋಡ್ಕೊಂಡಿದ್ದೀಯ. ನಂಗೆ ದೊಡ್ಡದು ಸಾಕು, ಚಿಕ್ಕದು ನೀನೇ ಇಟ್ಕೋ" ಎಂದಳು. ಆವತ್ತಿನಿಂದ ನಮ್ಮ ಮನೆಯಲ್ಲಿ ದೊಡ್ಡ ಬಾಕೂ, ಚಿಕ್ಕ ಬಾಕೂ ಎಂದು ಇಬ್ಬರು. ಯಾರನ್ನು ಕರೆದರೂ ಇಬ್ಬರೂ ಬರುವುದಿಲ್ಲ.

ಅವ್ವ ಒಲೆಯ ಮುಂದೆ ಇದ್ದಳು. ಕಲ್ಲಂಗಡಿ ಬೀಜದ ಗಂಜಿ, ಅದೇ ವಾಸನೆ. ಹನ್ನೊಂದು ವರ್ಷ ಕವುಚಿ ಬಿದ್ದಿದ್ದ ಆಮೆಚಿಪ್ಪಿನ ಬಟ್ಟಲನ್ನು ಎತ್ತಿ, ಸೆರಗಿನಂತೆ ಹೊದ್ದ ಬಟ್ಟೆಯ ಅಂಚಿನಿಂದ ಒರೆಸಿ, ಬಾಯಿ ಮೇಲೆ ಮಾಡಿ ಇಟ್ಟು ಬಡಿಸಿದಳು. ಬಟ್ಟಲು ಹಿಡಿದು ಹೊಸ್ತಿಲಿಗೆ ಬಂದಳು. ಅಲ್ಲಿಂದ ಎಂದೂ ಮಾಡುವ ಹಾಗೆ ಬಲಕ್ಕೆ ಸುತ್ತು ಹಾಕಲು ಕಾಲೆತ್ತಿದವಳು, ನಿಂತಳು. ಒಂದು ಕ್ಷಣ ಯೋಚಿಸಿದಳು. ಆಮೇಲೆ ಅಂಗಳದ ನಟ್ಟನಡುವೆ, ಅರವತ್ತೆರಡು ವರ್ಷ ತಾನು ಕಾಲಿಡದ ಆ ಜಾಗದ ಮೇಲೆಯೇ, ನೆಟ್ಟಗೆ ನಡೆದು ಬಂದಳು.

ಅಕ್ಕ ಊರುಗೋಲನ್ನು ನನಗೆ ಕೊಟ್ಟಳು. ಯಾಕೆ ಎಂದು ಕೇಳುವುದರೊಳಗೆ ಒಂಟಿ ಕಾಲಿನ ಮೇಲೆ ಎರಡು ಸಲ ಕುಪ್ಪಳಿಸಿ ಅವ್ವನ ಮುಂದೆ ನಿಂತಳು. ಅವ್ವ ಬಟ್ಟಲು ಹಿಡಿಯದ ಕೈಯಿಂದ ಅವಳ ತೋಳನ್ನು ಹಿಡಿದುಕೊಂಡಳು, ಬೀಳದಂತೆ.

"ಆಗ್ಲೇ ಕರೆದೆ" ಎಂದಳು ಅವ್ವ. "ಸುತ್ತು ಮುಗೀತಾ? ಬಾ, ಉಣ್ಣು."